ಪಂದ್ಯದ ಹಕ್ಕು: ಕೋರ್ಟಿನಲ್ಲಿ ಗೆದ್ದವರಾರು, ಧಾರಾವಿಗೆ ಸಿಕ್ಕಿದ್ದೇನು?

ಧಾರಾವಿ: ಕ್ರಿಕೆಟ್ ಪ್ರಸಾರ ಹಕ್ಕಿನ ವ್ಯಾಜ್ಯ ಕೋಟಿಗಳ ಮಾತು, ನಮಗೇನು ಎಂದು ಇಲ್ಲಿನ ಕನ್ನಡಿಗರು ಸುಮ್ಮನಿರುವಂತಿಲ್ಲ. ಮನೆಯ ಟಿವಿಯಲ್ಲಿ ಪಂದ್ಯ ಕಾಣುವುದೂ ಕಾಣದಿರುವುದೂ ಆ ತೀರ್ಪುಗಳಿಗೆ ಅಂಟಿಕೊಂಡಿದೆ.

ವಾಯುತರಂಗ ಸಾರ್ವಜನಿಕ ಸೊತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿತ್ತು. 2004ರಲ್ಲಿ ಕ್ರಿಕೆಟ್ ಮಂಡಳಿ ಪ್ರಸಾರದ ಟೆಂಡರ್ ರದ್ದುಪಡಿಸಿದಾಗ ಜೀ ಸಂಸ್ಥೆ ಅದೇ ಕೋರ್ಟಿನ ಮೆಟ್ಟಿಲೇರಿತು. ಮಂಡಳಿಯು ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ‘ಪ್ರಭುತ್ವ’ವಲ್ಲ ಎಂದು 2005ರಲ್ಲಿ 3-2 ಬಹುಮತದ ತೀರ್ಪು ಬಂತು.

ಇದು ಮಾರುವವರ, ಕೊಳ್ಳುವವರ ಜಗಳ. ನೋಡುಗನ ಪಾಲು ಬಂದದ್ದು 2007ರ ಕಾಯ್ದೆಯಿಂದ. ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲನ್ನು ಖಾಸಗಿ ಹಕ್ಕುದಾರರು ಪ್ರಸಾರ ಭಾರತಿಗೆ ಕೊಡಬೇಕು. ಟಿವಿ ಜಾಹೀರಾತಿನ ಆದಾಯದಲ್ಲಿ ಶೇ. 75 ಅವರಿಗೆ, ಶೇ. 25 ಪ್ರಸಾರ ಭಾರತಿಗೆ.

ಆದರೆ ಆ ಸಿಗ್ನಲ್ ದೂರದರ್ಶನದ ಸ್ವಂತ ಜಾಲಕ್ಕೆ ಮಾತ್ರ, ಕೇಬಲಿಗಲ್ಲ ಎಂದು 2017ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಹಳೆಯ ಆಂಟೆನಾ ಪ್ರಸಾರ ಬಹುತೇಕ ನಿಂತಿರುವಾಗ ಉಳಿದದ್ದು ತಿಂಗಳ ಬಾಡಿಗೆಯಿಲ್ಲದ ಫ್ರೀ ಡಿಶ್. ಗೋಡೆಗೆ ಗೋಡೆ ತಾಗಿದ ಧಾರಾವಿಯ ಗಲ್ಲಿಗಳಲ್ಲಿ ಡಿಶ್ ಕೂರಿಸಲು ಜಾಗವಿಲ್ಲದವರು ಕೇಬಲಿನವನಿಗೆ ಕ್ರೀಡಾ ಚಾನೆಲಿನ ಹಣ ಕಟ್ಟಲೇಬೇಕು. ಕಾಯ್ದೆಯ ಹಕ್ಕು ಉಳಿದಿದೆ, ಅದು ಮನೆ ತಲುಪುವ ದಾರಿ ಕಿರಿದಾಗಿದೆ.