ಮಕ್ಕಳ ಸ್ಕೂಲ್ ಮನೇಲಿದ್ರೆ ನಾಟಕವೂ ಮನೇಲಿರಲಿ

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವವರು ಬೆಂಗಳೂರಿನಲ್ಲಿ ಕೆಲವರಿದ್ದಾರೆ. ಅದಕ್ಕೆ ‘ಹೋಮ್‌ಸ್ಕೂಲಿಂಗ್’ ಅಂತಾರೆ. ಆಳಂದ ತಾಲ್ಲೂಕಿನ ನಮ್ಮ ಮಾದನಹಿಪ್ಪರಗಾದಲ್ಲಿ ಆ ಮಾತು ನಾನು ಕೇಳಿಲ್ಲ. ಆದರೆ 2020ರಲ್ಲಿ ಕೊರೊನಾ ಬಂದು ಶಾಲೆ ಮುಚ್ಚಿದಾಗ ಊರಿನ ಮಕ್ಕಳೆಲ್ಲ ಹೋಮ್‌ಸ್ಕೂಲ್ ಮಕ್ಕಳೇ ಆಗಿಬಿಟ್ಟರು.

ನಾನಾಗ ಕಲಬುರಗಿಯಲ್ಲಿ ಇಂಗ್ಲಿಷ್ ಮೀಡಿಯಂ, ಒಂಬತ್ತನೇ ಕ್ಲಾಸು. ಊರಿಗೆ ಬಂದೆ. ಆನ್‌ಲೈನ್ ಕ್ಲಾಸಿಗೆ ಮಾಳಿಗೆ ಹತ್ತಿದರೂ ನೆಟ್‌ವರ್ಕ್ ಇಲ್ಲ. ಕಾಕಾನ ಮಕ್ಕಳು ಸರ್ಕಾರಿ ಶಾಲೆಯವರು. ಆಗಸ್ಟಿನಲ್ಲಿ ಶುರುವಾದ ವಿದ್ಯಾಗಮ ಅಕ್ಟೋಬರಿನಲ್ಲಿ ನಿಂತ ಮೇಲೆ ಅವರಿಗೆ ನಾನೇ ಟೀಚರ್.

ಫೋನಿನಲ್ಲಿ ಟಿ.ಪಿ. ಕೈಲಾಸಂ ಅವರ 1918ರ ‘ಟೊಳ್ಳುಗಟ್ಟಿ’ ಸಿಕ್ಕಿತು. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು ಬರೆದ ನಾಟಕ. ಅದಕ್ಕೆ ‘ಮಕ್ಕಳ ಸ್ಕೂಲ್ ಮನೇಲಲ್ವೇ’ ಅಂತ ಇನ್ನೊಂದು ಹೆಸರು. ಹೆಸರು ನೋಡಿಯೇ ಆರಿಸಿದೆ. ಕುಳಿತು ಓದಿ, ಅರ್ಥ ಹೇಳಿದೆ. ಹುಡುಗರು ಆಕಳಿಸಿದರು. ಜಾತ್ರೆ ನಾಟಕದಲ್ಲಿ ಪಾರ್ಟು ಮಾಡಿದ್ದ ಮುತ್ಯಾ ಅಂದ: “ನಾಟಕ ಕಣ್ಣಿಲೆ ಓದೂದಲ್ಲವ್ವಾ, ಎದ್ದು ನಿಂತು ಹೇಳ್ರಿ.”

ಎದ್ದು ನಿಂತ ಮೇಲೆ ಎಲ್ಲ ಬದಲಾಯಿತು. “ಅಕ್ಕಾ, ಇವ್ರು ಹಿಂಗ್ಯಾಕ ಮಾತಾಡ್ತಾರ?” ಅಂತ ತಮ್ಮ ಕೇಳಿದ. ಇಂಗ್ಲಿಷ್ ಬೆರೆಸಿದ ಆ ಕಡೆಯ ಕನ್ನಡವನ್ನು ನಮ್ಮ ಮಾತಿಗೆ ತಿರುಗಿಸಿದೆವು. ಅಲ್ಲಿ ತಡವರಿಸಿದ್ದು ನಾನು! ಕನ್ನಡ ಮಾತಾಡಿದರೆ ದಂಡ ಹಾಕುವ ಕ್ಲಾಸಿನಲ್ಲಿ ಬೆಳೆದವಳು. ನನ್ನ ಮಾತನ್ನು ಚಿಕ್ಕ ಹುಡುಗರು ತಿದ್ದಿದರು. ಮೊದಲು ನಾಚಿಕೆಯಾಯಿತು, ಆಮೇಲೆ ಅಭ್ಯಾಸವಾಯಿತು. ಇವತ್ತು ಇದನ್ನು ಕನ್ನಡದಲ್ಲಿ ಬರೆಯುವ ಧೈರ್ಯ ಅಲ್ಲಿಂದಲೇ ಬಂತು.

ಕ್ಲಾಸಿಕ್ ನಾಟಕವನ್ನು ಹೀಗೆ ಬದಲಿಸಬಹುದಾ ಅಂತ ಕೆಲವರು ಕೇಳಬಹುದು. ಕುವೆಂಪು 1932ರಲ್ಲಿ ‘ಹ್ಯಾಮ್ಲೆಟ್’ ಅನ್ನು ಬಿದನೂರಿಗೆ ತಂದು ‘ರಕ್ತಾಕ್ಷಿ’ ಮಾಡಲಿಲ್ಲವಾ? ಮೂಲವನ್ನು ದೊಡ್ಡವರಾದ ಮೇಲೆ ಓದಿಕೊಳ್ಳಲಿ. ಮಕ್ಕಳಿಗೆ ಮೊದಲು ನಾಟಕ ಬಾಯಿಗೆ ಬರಲಿ.

ಮನೆಯಲ್ಲಿ ಕಲಿಸುವ ಅಪ್ಪ ಅಮ್ಮಂದಿರು ನಾಟಕವನ್ನು ಕಥೆ ಮಾಡಿ ಹೇಳಿ, ಕೊನೆಗೆ ನೀತಿ ಕೇಳಿ ಮುಗಿಸಬಾರದು ಅನ್ನೋದೇ ನನ್ನ ಮಾತು. ಗಣಿತ ಒಬ್ಬರೇ ಕೂತು ಕಲಿಯಬಹುದು, ನಾಟಕಕ್ಕೆ ಎದುರಿಗೆ ಇನ್ನೊಬ್ಬರು ಬೇಕು. ಮನೆಯಲ್ಲಿ ಓದುವ ಮಕ್ಕಳಿಗೆ ಕಡಿಮೆ ಬೀಳುವುದೂ ಆ ಇನ್ನೊಬ್ಬರೇ. ಅವರು ಪಕ್ಕದ ಮನೆಯಿಂದ ಬರಲಿ, ಸರ್ಕಾರಿ ಶಾಲೆಯಿಂದ ಬರಲಿ. ವಾರಕ್ಕೆ ಒಂದು ದೃಶ್ಯ ಸಾಕು. ಪಾರ್ಟು ಅದಲು ಬದಲು ಮಾಡಿ. ಒಬ್ಬ ಮುತ್ಯಾನನ್ನೋ ಆಯಿಯನ್ನೋ ಕೂರಿಸಿಕೊಳ್ಳಿ. ಆಮೇಲೆ ರಂಗಾಯಣದಂಥ ಕಡೆ ಕರೆದುಕೊಂಡು ಹೋಗಿ ನಿಜವಾದ ನಾಟಕ ತೋರಿಸಿ.

‘ಟೊಳ್ಳುಗಟ್ಟಿ’ಯಲ್ಲಿ ಪುಟ್ಟು ಪರೀಕ್ಷೆಯಲ್ಲಿ ಮುಂದು, ಮಾಧು ಹಿಂದು. ಆದರೆ ಮನೆಗೆ ಕಷ್ಟ ಬಂದಾಗ ನಿಲ್ಲುವವನು ಮಾಧು. ಗಣಿತದಲ್ಲಿ ಫೇಲಾಗುತ್ತಿದ್ದ ನನ್ನ ತಮ್ಮ ಪಾರ್ಟು ಹಂಚುವಾಗ ಹೇಳಿದ: “ಅಕ್ಕಾ, ನೀ ಪುಟ್ಟು, ನಾ ಮಾಧು.” ಎಲ್ಲರೂ ನಕ್ಕರು, ನಾನೂ ನಕ್ಕೆ. ಈಗ ಸೆಮಿಸ್ಟರ್ ರಿಸಲ್ಟ್ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ.