ಸೇವೆಯೋ, ಬಿಟ್ಟಿಯೋ?

ಕನ್ನಡದಲ್ಲಿ ‘ಬಿಟ್ಟಿ’ ಎಂಬ ಹಳೆಯ ಪದವೊಂದಿದೆ. ಸಂಸ್ಕೃತದ ‘ವಿಷ್ಟಿ’ಯಿಂದ ಬಂದದ್ದು. ಕೂಲಿ ಕೊಡದೆ ಮಾಡಿಸಿಕೊಳ್ಳುವ ದುಡಿಮೆ ಎಂದು ಅದರ ಅರ್ಥ. ತತ್ಸಮ-ತದ್ಭವ ಪಾಠ ಮಾಡುವಾಗ ಇದನ್ನು ನಾನು ತಪ್ಪದೆ ಉದಾಹರಣೆಯಾಗಿ ಕೊಡುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಈಗ ಆ ಬಿಟ್ಟಿಗೆ ನೀವು ‘ಸೇವೆ’ ಎಂಬ ಹೊಸ ಹೆಸರನ್ನು ಇಟ್ಟಿದ್ದೀರಿ. ಹೀಗೆ ಪದಗಳನ್ನು ಅದಲು ಬದಲು ಮಾಡುವುದನ್ನು ಕಂಡೂ ಸುಮ್ಮನಿರುವುದು ಕನ್ನಡ ಮೇಷ್ಟ್ರಿಗೆ, ನಿವೃತ್ತನಾದ ಮೇಲೂ, ಸಾಧ್ಯವಿಲ್ಲ.

ವಿಷಯ ಇಷ್ಟು. ಹಳೆಯ ವಿದ್ಯಾರ್ಥಿಗಳ ಬಳಗವೊಂದು ಬಂಗಾರಪೇಟೆಯ ಕಲ್ಯಾಣ ಮಂಟಪದಲ್ಲಿ ಗುರುವಂದನೆ ಏರ್ಪಡಿಸುತ್ತಿದೆ. (ಯಾವ ಶಾಲೆ, ಯಾವ ವರ್ಷದ ತಂಡವೆಂದು ಬರೆಯುವುದಿಲ್ಲ, ಸಂಬಂಧಪಟ್ಟವರಿಗೆ ಗೊತ್ತು.) ಬೆಳಗಿನಿಂದ ಸಂಜೆಯವರೆಗೆ ಕಾರ್ಯಕ್ರಮದ ಚಿತ್ರೀಕರಣವಾಗಬೇಕು, ಆಮೇಲೆ ಅದನ್ನು ಹಾಡು, ಹೆಸರು, ಹಳೆಯ ಭಾವಚಿತ್ರಗಳೊಡನೆ ಒಂದು ಗಂಟೆಯ ಚಿತ್ರವಾಗಿ ಜೋಡಿಸಿಕೊಡಬೇಕು ಎಂದು ನನ್ನ ಶಿಷ್ಯನೊಬ್ಬನ ಮಗಳನ್ನು ಕೇಳಿದರು. ಆಕೆ ದೂರದರ್ಶನ ಧಾರಾವಾಹಿಗಳ ಸಂಕಲನ ವಿಭಾಗದಲ್ಲಿ ಕೆಲಸಕ್ಕಿದ್ದಾಳೆ. “ಆಗಲಿ ಅಂಕಲ್, 8,000 ರೂಪಾಯಿ ಆಗುತ್ತದೆ” ಎಂದಳು. ಅಷ್ಟೇ! ಅಂದು ಸಂಜೆಯೇ ವಾಟ್ಸಾಪ್ ಬಳಗದಲ್ಲಿ, “ಗುರುಗಳ ಕಾರ್ಯಕ್ಕೂ ದುಡ್ಡೇ? ಒಂದು ದಿನ ಸೇವೆ ಮಾಡಲಾರಳೇ? ಟೀವಿ ಸೇರಿದ ಮೇಲೆ ತಲೆ ತಿರುಗಿದೆ” ಎಂದು ಒಬ್ಬರು ಬರೆದರು. ಹದಿನಾಲ್ಕು ಮಂದಿ ಅದಕ್ಕೆ ಹೆಬ್ಬೆರಳು ತೋರಿಸಿದರು. ಅವರಲ್ಲಿ ಇಬ್ಬರು ನನ್ನ ಬಂಧುಗಳೇ. ವಂದನೆ ಸ್ವೀಕರಿಸಬೇಕಾದ ಗುರುಗಳಲ್ಲಿ ನಾನೂ ಒಬ್ಬನಾದ್ದರಿಂದ ಉತ್ತರ ಬರೆಯುವ ಹೊಣೆಯೂ ನನ್ನದೆಂದು ಭಾವಿಸಿದ್ದೇನೆ. ಆಕೆಯ ಒಪ್ಪಿಗೆ ಪಡೆದು, ಹೆಸರನ್ನು ಬಿಟ್ಟು, ಇದನ್ನು ಬರೆಯುತ್ತಿದ್ದೇನೆ.

ಮೊದಲು ಆಕೆಯ ದಿನ ಹೇಗಿರುತ್ತದೆಂದು ತಿಳಿಯೋಣ. ಆಕೆಯ ಅಜ್ಜ ಚಾಂಪಿಯನ್ ರೀಫ್ ಗಣಿಯ ಆಳದಲ್ಲಿ ಇಳಿದು ದುಡಿದವರು. ಅಪ್ಪನೂ ಗಣಿ ಸೇರಿದ್ದ. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿತು. ಆಗ ಈಕೆ ಎರಡು ವರ್ಷದ ಕೂಸು. ಗಣಿಯ ಲೈನಿನ ಮನೆ ಬಿಟ್ಟು ಬಂಗಾರಪೇಟೆಗೆ ಬಂದ ಸಂಸಾರ ಅದು. ಅಪ್ಪ ಬೆಂಗಳೂರಿನ ಕಟ್ಟಡವೊಂದರ ಕಾವಲು ಕೆಲಸಕ್ಕೆ ರೈಲಿನಲ್ಲಿ ಹೋಗಿ ಬರಲಾರಂಭಿಸಿದ. ಈಗ ಮಗಳೂ ಅದೇ ರೈಲು ಹಿಡಿಯುತ್ತಾಳೆ. ಹೋಗಲು ಸುಮಾರು 70 ಕಿಲೋಮೀಟರ್, ಬರಲು ಅಷ್ಟೇ. ಮಾರಿಕುಪ್ಪಂನಿಂದ ಬರುವ ಗಾಡಿ ಬಂಗಾರಪೇಟೆ ತಲಪುವಷ್ಟರಲ್ಲಿ ಕೂರಲು ಸ್ಥಳವಿರುವುದಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ.

ಅಲ್ಲಿ ಆಕೆ ಏನು ಮಾಡುತ್ತಾಳೆಂದು ಒಮ್ಮೆ ವಿವರವಾಗಿ ಕೇಳಿ ತಿಳಿದುಕೊಂಡೆ. ಅರ್ಧ ಗಂಟೆಯ ಧಾರಾವಾಹಿಯಲ್ಲಿ ಜಾಹೀರಾತು ಕಳೆದು ಉಳಿಯುವುದು 20–22 ನಿಮಿಷ. ಅದಕ್ಕಾಗಿ ಚಿತ್ರೀಕರಿಸಿದ್ದು ಗಂಟೆಗಟ್ಟಲೆ ಇರುತ್ತದೆ. ಎಲ್ಲವನ್ನೂ ನೋಡಬೇಕು. ಅತ್ತೆಯ ಮುಖ ಯಾವ ಸಲ ಚೆನ್ನಾಗಿ ಬಂದಿದೆ, ಸೊಸೆಯ ಮಾತು ಯಾವ ಸಲ ತಡವರಿಸಲಿಲ್ಲ ಎಂದು ಆರಿಸಬೇಕು. ಮಾತಿಗೂ ತುಟಿಗೂ ಹೊಂದಿಸಬೇಕು. ಬೆಳಗಿನ ಬಿಸಿಲಿನಲ್ಲಿ ತೆಗೆದದ್ದೂ ಮಧ್ಯಾಹ್ನ ತೆಗೆದದ್ದೂ ಒಂದೇ ಹೊತ್ತಿನದೆಂದು ತೋರುವಂತೆ ಬಣ್ಣ ಸರಿಪಡಿಸಬೇಕು. ಇಷ್ಟೆಲ್ಲ ಆದ ಮೇಲೆ ವಾಹಿನಿಯವರು “ಕೊನೆಯ ದೃಶ್ಯ ಬದಲಾಯಿಸಿ” ಎಂದರೆ ಮತ್ತೆ ಮೊದಲಿನಿಂದ. ವಾರಕ್ಕೆ ಐದಾರು ಕಂತು. ಪ್ರಸಾರದ ವೇಳೆ ಯಾರಿಗೂ ಕಾಯುವುದಿಲ್ಲವಾದ್ದರಿಂದ ಹನ್ನೆರಡು, ಹದಿನಾಲ್ಕು ಗಂಟೆಯ ಪಾಳಿ ಅಲ್ಲಿ ವಿಶೇಷವಲ್ಲ. ಆಕೆಯ ಹೆಸರು ಕೊನೆಯಲ್ಲಿ ಎರಡು ಸೆಕೆಂಡು ಓಡುತ್ತದೆ. ನಾನು ಕನ್ನಡಕ ಸರಿಪಡಿಸಿಕೊಳ್ಳುವುದರೊಳಗೆ ಮಾಯ! “ಚಿತ್ರದಲ್ಲಿ ನಿನ್ನ ಹೆಸರು ಹಾಕುತ್ತೇವಮ್ಮ” ಎಂದು ಆಕೆಗೆ ಆಸೆ ತೋರಿಸಿದವರು ಇದನ್ನು ಗಮನಿಸಬೇಕು.

ಈ ಲೆಕ್ಕದಲ್ಲಿ ನಿಮ್ಮ ಗುರುವಂದನೆಯನ್ನು ನೋಡಿ. ಎರಡು ಕ್ಯಾಮೆರಾಗಳಿಂದ ಎಂಟು ಗಂಟೆ ತೆಗೆದರೆ ಹದಿನಾರು ಗಂಟೆಯ ಚಿತ್ರವಾಯಿತು. ಅದನ್ನು ನೋಡಿ ಮುಗಿಸಲೇ ಎರಡು ದಿನ ಬೇಕು. “ಒಂದು ದಿನದ ಸೇವೆ” ಎಂದವರಿಗೆ ಗಣಿತ ಕಲಿಸಿದವನು ನಾನಲ್ಲ ಎಂಬುದೊಂದೇ ನನಗೆ ಸಮಾಧಾನ.

ನಾವು ಬೇರೆ ಯಾವ ಊರಿನವರಾದರೂ ಈ ಮಾತನ್ನು ಕ್ಷಮಿಸಬಹುದಿತ್ತೇನೋ. ಆದರೆ ಕೋಲಾರ ಚಿನ್ನದ ಗಣಿಯ ಸುತ್ತಮುತ್ತ ಹುಟ್ಟಿದವರಿಗೆ ದುಡಿಮೆಯ ಬೆಲೆ ಗೊತ್ತಿಲ್ಲವೆಂದರೆ ಹೇಗೆ? ಇಲ್ಲಿ ಸೈರನ್ ಕೂಗಿದರೆ ಪಾಳಿ ಆರಂಭ, ಮತ್ತೆ ಕೂಗಿದರೆ ಮುಗಿಯಿತು. ಬಾಣಂತಿಯರು ಕೂಡ ಆ ಕೂಗನ್ನು ಕೇಳಿ ಹೊತ್ತು ಅಳೆಯುತ್ತಿದ್ದರು. 1930ರಲ್ಲಿ ಬೆರಳಚ್ಚು ತೆಗೆದುಕೊಳ್ಳುವ ಪದ್ಧತಿಯನ್ನು ಹೇರಲು ಹೊರಟಾಗ ಗಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅಕ್ಷರ ಬಾರದವರು ಅವರಲ್ಲಿ ಬಹುಪಾಲು. ಆದರೂ ಯಾವುದು ತಮ್ಮದು, ಯಾವುದನ್ನು ಕೊಡಬಾರದು ಎಂಬುದು ಅವರಿಗೆ ತಿಳಿದಿತ್ತು. ಗಣಿಯನ್ನು ನಾನು ಹೊಗಳುತ್ತಿಲ್ಲ. ನೆಲದಡಿ ಮೂರು ಕಿಲೋಮೀಟರಿಗೂ ಮೀರಿದ ಆಳ, ಬಂಡೆ ಸಿಡಿತ, ಎದೆಗೂಡಿನಲ್ಲಿ ಸೇರಿಕೊಂಡ ಕಲ್ಲಿನ ಧೂಳು. ಈ ಹುಡುಗಿಯ ಅಜ್ಜ ಕೆಮ್ಮಿ ಕೆಮ್ಮಿಯೇ ಹೋದದ್ದು. ಅಷ್ಟು ಕ್ರೂರವಾದ ಗಣಿಯೂ ಆತನಿಗೆ “ಇಂದು ಸೇವೆಗೆಂದು ಇಳಿ” ಎಂದು ಹೇಳಲಿಲ್ಲ.

ಟೀವಿಯ ಗಣಿಯಲ್ಲಿ ಸೈರನ್ ಇಲ್ಲ. 1955ರ ಪತ್ರಕರ್ತರ ಕಾಯಿದೆ ವೃತ್ತಪತ್ರಿಕೆಯವರಿಗಷ್ಟೇ ಅನ್ವಯಿಸುತ್ತಿತ್ತು, 1981ರ ಸಿನಿಮಾ ಕಾರ್ಮಿಕರ ಕಾಯಿದೆ ಕಥಾಚಿತ್ರಗಳವರಿಗೆ. ಧಾರಾವಾಹಿಯವರು ನಡುವೆ ಎಲ್ಲಿಯೂ ಸೇರದೆ ನಿಂತಿದ್ದರು. 2020ರ ಸಂಹಿತೆ 2025ರ ನವೆಂಬರ್ 21ರಂದು ಜಾರಿಗೆ ಬಂದಿದೆ. ದೃಶ್ಯ-ಶ್ರವ್ಯ ಕೆಲಸಗಾರರೆಂದು ಇಂಥವರನ್ನೂ ಅದು ಹೆಸರಿಸಿ, ಲಿಖಿತ ಒಪ್ಪಂದವಿಲ್ಲದೆ ದುಡಿಸಬಾರದೆನ್ನುತ್ತದೆ. ನಾನು ಕೇಳಿದಾಗ, “ಅಂಥ ಕಾಗದ ಯಾವುದೂ ನನ್ನ ಕೈಗೆ ಬಂದಿಲ್ಲ ತಾತ” ಎಂದಳು. ಅಲ್ಲಿಯೂ ಆಕೆಗೆ ಹೇಳುವುದು “ಇದು ಬರೀ ಕೆಲಸವಲ್ಲ, ಕಲೆಯ ಸೇವೆ” ಎಂದೇ! ಹಗಲು ಅವರು ಹೇಳಿದ ಮಾತನ್ನೇ ರಾತ್ರಿ ಊರಿಗೆ ಬಂದರೆ ನೀವು ಹೇಳುತ್ತೀರಿ.

ಈಗ ನಿಮ್ಮ ದೊಡ್ಡ ಆಕ್ಷೇಪಣೆಗೆ ಬರುತ್ತೇನೆ. “ಸಂಗೀತ ಕಚೇರಿಗೆ ಅಲೆಯಲು ಸಮಯವಿದೆ, ನಮಗೆ ಕೊಡಲು ಇಲ್ಲವೇ?”

ಇದೆ. ಆಕೆ ಕಚೇರಿಗಳಿಗೆ ಹೋಗುತ್ತಾಳೆ. 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಯುವಾಗ ಪಾಳಿ ಮುಗಿಸಿ ಓಡುತ್ತಾಳೆ. ಪ್ರಧಾನ ಕೃತಿ ಮುಗಿದು ಮೃದಂಗದವರು ತನಿ ಆವರ್ತನಕ್ಕೆ ಕೈ ಸರಿಮಾಡಿಕೊಳ್ಳುವಾಗ ಎದ್ದು ಬರಬೇಕು, ಇಲ್ಲವಾದರೆ ರೈಲು ಸಿಗದು. ಮಂಗಳ ಕೇಳಿದ ಕಚೇರಿ ತನ್ನ ಬದುಕಿನಲ್ಲಿ ಒಂದೂ ಇಲ್ಲವೆಂದು ನಗುತ್ತಾಳೆ. ಹುಣ್ಣಿಮೆಯ ದಿನ ರಜೆ ಸಿಕ್ಕಿದರೆ ಕೋಲಾರದ ಪಕ್ಕದ ತೇರಹಳ್ಳಿ ಬೆಟ್ಟಕ್ಕೆ ಹೋಗುತ್ತಾಳೆ. ಕೋಟಿಗಾನಹಳ್ಳಿ ರಾಮಯ್ಯನವರು ಕಟ್ಟಿದ ಆದಿಮದಲ್ಲಿ ನಡೆಯುವ ‘ಹುಣ್ಣಿಮೆ ಹಾಡು’ ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರೋ ಕಾಣೆ. ಬೆಳದಿಂಗಳಲ್ಲಿ ಬಂಡೆಯ ಮೇಲೆ ಕುಳಿತು ನಮ್ಮ ಸೀಮೆಯ ಹಾಡುಗಾರರನ್ನು ಕೇಳುವುದು ಬೇರೆಯೇ ಅನುಭವ. ಅಲ್ಲಿ ಆಕೆ ಚಾಪೆ ಹಾಸುತ್ತಾಳೆ, ಮೈಕಿನ ತಂತಿ ಎಳೆಯುತ್ತಾಳೆ, ಲೋಟ ತೊಳೆಯುತ್ತಾಳೆ. ಯಾರೂ ಹೇಳಿದ್ದಲ್ಲ. ಕಾಸು ಕೇಳುವುದೂ ಇಲ್ಲ.

ತಿಂಗಳಲ್ಲಿ ಎರಡು ಭಾನುವಾರ ಚಾಂಪಿಯನ್ ರೀಫ್ಸ್‌ನ ಹಳೆಯ ಲೈನೊಂದರಲ್ಲಿ ಮಕ್ಕಳಿಗೆ ಓದು ಹೇಳಿಕೊಡುತ್ತಾಳೆ. ಪಾಠ ಮುಗಿದ ಮೇಲೆ ಉಳಿದಿರುವ ಮುದುಕರ ಮುಂದೆ ಕುಳಿತು, ಅವರು ಗಣಿಗಿಳಿದ ದಿನಗಳ ಮಾತನ್ನು ತನ್ನ ಸ್ವಂತ ಫೋನಿನಲ್ಲಿ ಮುದ್ರಿಸಿಕೊಳ್ಳುತ್ತಾಳೆ. ತಮಿಳು, ತೆಲುಗು, ಕನ್ನಡ ಮೂರೂ ಬೆರೆತ ಮಾತು ಅದು. 2018ರಲ್ಲಿ ‘ಕೆ.ಜಿ.ಎಫ್.’ ಚಲನಚಿತ್ರ ಬಂದ ಮೇಲೆ ನಮ್ಮ ಸೈನೈಡ್ ದಿಬ್ಬಗಳ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವವರಿಗೆ ಕೊರತೆಯಿಲ್ಲ. ದಿಬ್ಬದ ಬುಡದ ಮನೆಗಳಲ್ಲಿ ಕೆಮ್ಮುತ್ತಿರುವವರ ಕಡೆಗೆ ಕ್ಯಾಮೆರಾ ತಿರುಗಿಸಿದವರು ಎಷ್ಟು ಮಂದಿ? ಈಕೆ ತಿರುಗಿಸಿದ್ದಾಳೆ. ಬಸ್ಸಿನ ಹಣವೂ ಆಕೆಯದೇ.

ಇದು ಸೇವೆ. ಆಕೆ ಆರಿಸಿಕೊಂಡದ್ದು, ಬೇಡವೆನ್ನಿಸಿದ ದಿನ ಬಿಡಬಹುದಾದದ್ದು. ಆ ಮುದುಕರ ಕೈಯಲ್ಲಿ ಹಣವಿಲ್ಲ. ನಿಮ್ಮ ಕೈಯಲ್ಲಿ ಇದೆ. ಕೊಡಲಾಗುವುದಿಲ್ಲ ಎಂದು ಆಕೆ ಆ ಮುದುಕರಿಗೆ ಹೇಳಿದರೆ ಅವರು ಬೈಯುವುದಿಲ್ಲ. ನೀವು ಬೈದಿರಿ. ಒಬ್ಬರ ಬಿಡುವನ್ನು ಊರ ಮುಂದಿನ ಗೋಮಾಳವೆಂದು ತಿಳಿದು ದನ ನುಗ್ಗಿಸುವುದಕ್ಕೂ, ಅವರೇ ಕರೆದು ಕೊಡುವುದಕ್ಕೂ ವ್ಯತ್ಯಾಸವಿಲ್ಲವೇ?

“ನಮ್ಮ ಕಾಲದಲ್ಲಿ ಎಲ್ಲರೂ ಸೇರಿ ಮಾಡುತ್ತಿದ್ದೆವಲ್ಲ ಸಾರ್” ಎಂದು ಒಬ್ಬರು ದೂರವಾಣಿಯಲ್ಲಿ ನೆನಪಿಸಿದರು. ಮಾಡುತ್ತಿದ್ದಿರಿ, ನಿಜ. ಗಣೇಶನ ಚಪ್ಪರಕ್ಕೆ ಹೊಂಗೆ ಸೊಪ್ಪು ತಂದಿರಿ, ಬೆಂಚು ಹೊತ್ತಿರಿ. ಆದರೆ ವಾರ್ಷಿಕೋತ್ಸವದ ಗುಂಪು ಭಾವಚಿತ್ರ ತೆಗೆಯಲು ರಾಬರ್ಟ್‌ಸನ್‌ಪೇಟೆಯಿಂದ ಛಾಯಾಗ್ರಾಹಕರು ಬಂದಾಗ ತಲೆಗೆ ಇಷ್ಟೆಂದು ಹಣ ಕೂಡಿಸಿ ಕೊಡಲಿಲ್ಲವೇ? ಆ ಪಟ್ಟಿ ಬರೆದವನೇ ನಾನು.

ಈಗಿನ ಗುರುವಂದನೆಯ ಖರ್ಚಿನ ಪಟ್ಟಿಯನ್ನೂ ನೋಡಿದೆ. ಮಂಟಪಕ್ಕೆ ಬಾಡಿಗೆ, ಅಡುಗೆಯವರಿಗೆ ಮುಂಗಡ, ಧ್ವನಿವರ್ಧಕಕ್ಕೆ, ಹೂವಿನ ಅಲಂಕಾರಕ್ಕೆ, ನಾದಸ್ವರದವರಿಗೆ ತಾಂಬೂಲದಲ್ಲಿಟ್ಟು ಸಂಭಾವನೆ. ಎಲ್ಲವೂ ಸರಿಯಾಗಿದೆ. ಬಂಗಾರಪೇಟೆಯ ಪಾನಿಪೂರಿಯನ್ನೂ ಬಂದವರಿಗೆಲ್ಲ ತಿನ್ನಿಸುವರಂತೆ, ಆ ನೀರಿನಂತೆ ತಿಳಿಯಾಗಿದ್ದು ನಾಲಿಗೆ ಸುಡುವ ಪಾನಿಯೊಡನೆ, ಸಂತೋಷ. ಆ ಗಾಡಿಯವರ ಮುಂದೆ ನಿಂತು “ಇನ್ನೂರು ತಟ್ಟೆ ಸೇವೆ ಮಾಡಪ್ಪ” ಎನ್ನುವ ಧೈರ್ಯ ನಿಮ್ಮಲ್ಲಿ ಯಾರಿಗೂ ಬರಲಿಲ್ಲ. ಗುರುಗಳಿಗೆ ಶಾಲು, ಹಾರ, ಬೆಳ್ಳಿಯ ದೀಪಕ್ಕೆ ಬರೆದಿರುವ ಮೊತ್ತ 8,000ದ ಹಲವು ಪಟ್ಟು ಇದೆ. ಸೊನ್ನೆ ಬರೆದಿರುವುದು ಒಂದೇ ಸಾಲಿನ ಮುಂದೆ. ಅದು ಆಕೆಯ ಸಾಲು. ನನ್ನ ಪಾಲಿನ ಶಾಲನ್ನೂ ದೀಪವನ್ನೂ ತರಬೇಡಿರೆಂದು ಬಳಗದವರಿಗೆ ಅಂದೇ ತಿಳಿಸಿದ್ದೇನೆ. ಮನೆಯಲ್ಲಿ ಮಡಿಸಿಟ್ಟ ಶಾಲುಗಳೇ ಬೀರುವಿನ ಒಂದು ಅರೆ ತುಂಬ ಇವೆ.

ಆಕೆಯ ಸಾಲಿಗೇ ಏಕೆ ಸೊನ್ನೆ ಬಿತ್ತು? ಕಂಪ್ಯೂಟರಿನ ಮುಂದೆ ಕುಳಿತು ಮಾಡುವ ಕೆಲಸ ಕಣ್ಣಿಗೆ ಕಾಣುವುದಿಲ್ಲ ಎಂಬುದು ಒಂದು. ಹುಡುಗಿ ಎಂಬುದು ಇನ್ನೊಂದು. ಅದೇ ಕೆಲಸಕ್ಕೆ ಬೆಂಗಳೂರಿನಿಂದ ಹುಡುಗನೊಬ್ಬನನ್ನು ಕರೆಸಿದ್ದರೆ ಊಟ, ವಾಹನ, ಸಂಭಾವನೆ ಎಲ್ಲವನ್ನೂ ಮೊದಲೇ ಮಾತಾಡುತ್ತಿದ್ದಿರಿ. ಮೂರನೆಯದನ್ನು ಬರೆಯಲು ಮನಸ್ಸು ಹಿಂಜರಿಯುತ್ತದೆ, ಆದರೂ ಬರೆಯುತ್ತೇನೆ. ಆಕೆಯದು ಲೈನಿನ ಮನೆತನ. ಗಣಿಯಲ್ಲಿ ಬಂಗಲೆಯವರು ಬೇರೆ, ಲೈನಿನವರು ಬೇರೆ ಎಂಬುದು ಗಣಿ ಮುಚ್ಚಿ ಕಾಲು ಶತಮಾನ ಕಳೆದರೂ ನಮ್ಮ ನಾಲಿಗೆಯಿಂದ ಅಳಿದಿಲ್ಲ. ಲೈನಿನ ಮಗಳು ಬೆಲೆ ಹೇಳಿದಳು. ಅದು ನಿಮ್ಮಲ್ಲಿ ಕೆಲವರ ಕಿವಿಗೆ ಗರ್ವವಾಗಿ ಕೇಳಿಸಿತು.

ಹಾಗಾದರೆ ಏನು ಮಾಡಬೇಕೆನ್ನುವಿರಾ? ಅಡುಗೆಯವರೊಡನೆ ಮಾತಾಡುವಂತೆಯೇ ಆಕೆಯೊಡನೆಯೂ ಮಾತಾಡಿ. ಎಷ್ಟು ಹೊತ್ತಿನ ಕೆಲಸ, ಎಂದು ಕೊಡಬೇಕು, ಎಷ್ಟು ಸಲ ತಿದ್ದಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅರ್ಧ ಹಣವನ್ನು ಮೊದಲೇ ಕೊಡಿ. ಅಷ್ಟು ಶಕ್ತಿಯಿಲ್ಲವಾದರೆ ಇಲ್ಲವೆಂದು ಹೇಳಿ, ನಿಮ್ಮ ನಿಮ್ಮ ಫೋನುಗಳಲ್ಲೇ ತೆಗೆದುಕೊಳ್ಳಿ; ಗುರುಗಳ ಮುಖ ಸ್ವಲ್ಪ ಓರೆಯಾಗಿ ಬಂದರೆ ಅವರೇನೂ ಬೇಸರಿಸುವುದಿಲ್ಲ. ಇನ್ನೊಂದು ಮಾತು. ಈ ತಿಂಗಳು ಆಕೆಗೆ ರಾತ್ರಿ ಪಾಳಿ. ಬೆಳಗಿನ ರೈಲಿನಲ್ಲಿ ಬಂದು ಮಧ್ಯಾಹ್ನ ಎರಡರವರೆಗೆ ಮಲಗಿರುತ್ತಾಳೆ. ಫೋನು ಮಾಡುವವರು ಆಮೇಲೆ ಮಾಡಿ.