ಯುದ್ಧಕಾಲೇ ಟೆಂಡರಾಭ್ಯಾಸ

ನಾವು ವಾಸಿಸುವ ಬಡಾವಣೆಗೆ ವರ್ತಕ ನಗರವೆಂದು ಹೆಸರು. ಮರಾಠಿಯಲ್ಲಿ ಅದು ಮನೆತನದ ಅಡ್ಡಹೆಸರು. ಕನ್ನಡದಲ್ಲಿ ವರ್ತಕನೆಂದರೆ ವ್ಯಾಪಾರಿ. ಊರಿನಿಂದ ಬಂದ ನೆಂಟರು ವಿಳಾಸ ಓದಿ, “ಏನು ಸ್ವಾಮಿ, ಅಂಗಡಿ ಯಾವಾಗ ಇಟ್ಟಿರಿ?” ಎಂದು ನಗೆಯಾಡುವುದುಂಟು. ಅಂಗಡಿ ಇಟ್ಟಿಲ್ಲ. ಆದರೆ ವ್ಯಾಪಾರ ಮಾಡಿದ್ದೇವೆ, ಅದೂ ಸರಕಾರದ ಹಣದಲ್ಲಿ. ಬಿ.ಎಸ್‌ಸಿ. ಮುಗಿಸಿ ಕೇಂದ್ರ ಸರಕಾರದ ಗುಮಾಸ್ತಗಿರಿಗೆ ಸೇರಿದ ನಮ್ಮನ್ನು ಒಂದು ಭದ್ರತಾ ದಳದ ಕಚೇರಿಯಲ್ಲಿ ಕೆಲವು ವರ್ಷ ಖರೀದಿ ವಿಭಾಗದಲ್ಲಿ ಕೂರಿಸಿದ್ದರು. ದಳದ ಹೆಸರು ಇಲ್ಲಿ ಬೇಡ. ನಮ್ಮ ದೂರು ಒಂದು ಕಚೇರಿಯ ಮೇಲೆ ಇಲ್ಲ, ಕೊಳ್ಳುವ ಪದ್ಧತಿಯ ಮೇಲೆ ಇದೆ.

ಆ ಕುರ್ಚಿಯಲ್ಲಿ ಕೂತ ಮೊದಲ ದಿನ ನಮಗೆ ಸಿಕ್ಕಿದ ತರಬೇತಿ ಇಷ್ಟೆ: ನಿವೃತ್ತಿಗೆ ಹದಿನೈದು ದಿನ ಉಳಿದಿದ್ದ ಹಿರಿಯರು ಕಪಾಟಿನ ಬೀಗದ ಕೈ ಕೊಟ್ಟು, “ಹಳೆಯ ಕಡತ ನೋಡು, ಹಾಗೆಯೇ ಮಾಡು, ಹೊಸದೇನೂ ಮಾಡಲು ಹೋಗಬೇಡ” ಎಂದರು. ಅವರಿಗೂ ಅವರ ಹಿರಿಯರು ಅದನ್ನೇ ಹೇಳಿದ್ದರಂತೆ. ನಾವು ಮಾತು ಮೀರಲಿಲ್ಲ.

ಒಂದು ವರ್ಷ ಕಾವಲಿನ ಸಿಪಾಯಿಗಳಿಗೆ ಮಳೆಕೋಟು ಕೊಳ್ಳಬೇಕಾಯಿತು. ಹಳೆಯ ಕಡತದಲ್ಲಿ “ಉತ್ತಮ ದರ್ಜೆಯ ವಾಟರ್‌ಪ್ರೂಫ್ ಬಟ್ಟೆಯ ಮಳೆಕೋಟು” ಎಂದಿತ್ತು. ಅದನ್ನೇ ಇಳಿಸಿಕೊಂಡೆವು. ದರಪಟ್ಟಿಗಳು ಬಂದವು, ತುಲನಾ ಪಟ್ಟಿ ಬರೆದೆವು, ಕನಿಷ್ಠ ದರದವನಿಗೆ ಆರ್ಡರು ಹೋಯಿತು. ಫೆಬ್ರವರಿಯಲ್ಲಿ ಹೊರಟ ಕಡತ ಹಣಕಾಸು ವಿಭಾಗದ ಎರಡು ಪ್ರಶ್ನೆಗಳಿಗೆ ಉತ್ತರ ಕೊಟ್ಟು ಹಿಂದಿರುಗುವಷ್ಟರಲ್ಲಿ ಜೂನ್ ಮುಗಿದಿತ್ತು. ಕೋಟುಗಳು ಬಂದದ್ದು ಆಗಸ್ಟಿನಲ್ಲಿ. ಒಂದರ ಮೇಲೆ ಒಂದು ಲೋಟ ನೀರು ಸುರಿದು ನೋಡಿದೆವು. ನೀರು ಜಾರಿಹೋಯಿತು. “ಸರಿಯಾಗಿದೆ” ಎಂದು ಬರೆದು ಸಹಿ ಹಾಕಿಸಿದೆವು.

ನಮ್ಮ ಕಟ್ಟಡದ ಕೆಳಮಹಡಿಯಲ್ಲಿ ವಿಜಾಪುರದ ಕಡೆಯ ತರುಣನೊಬ್ಬ ಬಾಡಿಗೆಗಿದ್ದ. ಅದೇ ದಳದ ಸಿಪಾಯಿ. ಒಂದು ಬೆಳಿಗ್ಗೆ ರಾತ್ರಿಪಾಳಿ ಮುಗಿಸಿ ತೊಯ್ದು ತೊಪ್ಪೆಯಾಗಿ ಬಂದ. ಕೈಯಲ್ಲಿ ಆ ಕೋಟು. “ಕಾಕಾ, ಇದನ್ನ ಯಾರ್ ತಗೊಂಡಾರೋ ಅವರ್ನ ಒಂದ್ ರಾತ್ರಿ ಇದನ್ನ ಹಾಕಿ ಮಳ್ಯಾಗ ನಿಂದ್ರಸ್ಬೇಕ್ ನೋಡ್ರಿ” ಎಂದ. ತಗೊಂಡವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಿತ್ತು. ಕೋಟನ್ನು ಇಸಿದುಕೊಂಡು ತಿರುವಿಹಾಕಿ ನೋಡಿದೆವು. ಬಟ್ಟೆಯಲ್ಲಿ ದೋಷವಿರಲಿಲ್ಲ. ನೀರು ಇಳಿಯುತ್ತಿದ್ದದ್ದು ಹೊಲಿಗೆಯ ತೂತುಗಳಿಂದ. ಹೊಲಿಗೆಯ ಒಳಬದಿಗೆ ನೀರು ತಡೆಯುವ ಪಟ್ಟಿ ಅಂಟಿಸಿರಲಿಲ್ಲ. ಅಂಟಿಸಬೇಕೆಂದು ನಾವು ಬರೆದಿರಲೂ ಇಲ್ಲ. ವ್ಯಾಪಾರಿ ನಾವು ಕೇಳಿದ್ದನ್ನೇ ಕೊಟ್ಟಿದ್ದ.

ಓದುಗರು ಗಮನಿಸಬೇಕು. ಈ ಪ್ರಕರಣದಲ್ಲಿ ಲಂಚವಿಲ್ಲ, ಕಳ್ಳನಿಲ್ಲ. ಆಡಿಟ್‌ನವರು ಬಂದು ಕಡತ ನೋಡಿ ಒಂದು ಆಕ್ಷೇಪಣೆಯನ್ನೂ ಎತ್ತಲಿಲ್ಲ. ಅಗ್ಗವೆಂದು ಮುಗ್ಗಿದ ಜೋಳ ಕೊಂಡಿದ್ದೆವು. ಲೆಕ್ಕ ಮಾತ್ರ ಚೊಕ್ಕವಾಗಿತ್ತು. ಬಟ್ಟೆಯನ್ನೂ ಹೊಲಿಗೆಯನ್ನೂ ನೀರಿನ ಒತ್ತಡಕ್ಕೆ ಒಡ್ಡಿ ಪರೀಕ್ಷಿಸುವ ವಿಧಾನಗಳಿವೆ ಎಂದು ಯಾರಾದರೂ ಅರ್ಧ ದಿನ ಹೇಳಿಕೊಟ್ಟಿದ್ದರೆ, ರಸಾಯನಶಾಸ್ತ್ರ ಓದಿದ ನಮಗೆ ಅರ್ಥವಾಗದೆ ಇರುತ್ತಿರಲಿಲ್ಲ. ಭದ್ರತಾ ದಳಗಳ ಖರೀದಿ ಕೆಟ್ಟಾಗ ಜನ ಲಂಚವನ್ನಷ್ಟೇ ಬೈಯುತ್ತಾರೆ. ಕಲಿಸದೆ ಕೂರಿಸಿದ ಗುಮಾಸ್ತನೂ ಅಗ್ಗವನ್ನು ಮಾತ್ರ ಕಾಣುವ ನಿಯಮವೂ ಅಷ್ಟೇ ಹೊಣೆ ಎಂಬುದು ನಮ್ಮ ವಾದ.

ಮಳೆಕೋಟಿನ ಮಾತು ನೆಗಡಿಯಲ್ಲಿ ಮುಗಿಯುತ್ತದೆ. ಗುಂಡು ತಡೆಯುವ ಜಾಕೆಟಿನ ಮಾತು ಹಾಗಲ್ಲ. 2008ರ ನವೆಂಬರ್ 26ರ ರಾತ್ರಿಯನ್ನು ಮುಂಬಯಿಯ ಯಾವ ಕನ್ನಡ ಕುಟುಂಬವೂ ಮರೆತಿಲ್ಲ. ನಾವು ಇಂದಿಗೂ ವಿ.ಟಿ. ಎಂದೇ ಕರೆಯುವ ನಿಲ್ದಾಣದಲ್ಲಿ ಎ.ಕೆ.-47 ಹಿಡಿದು ಬಂದವರ ಎದುರಿಗೆ ನಮ್ಮ ಪೊಲೀಸರ ಕೈಯಲ್ಲಿದ್ದವು ಲಾಠಿಗಳು, ಹಳೆಯ ಕಾಲದ .303 ಬಂದೂಕುಗಳು. ತುಕಾರಾಂ ಓಂಬಳೆ ಗಿರ್ಗಾಂವ್ ಚೌಪಾಟಿಯಲ್ಲಿ ಕಸಬನ ಬಂದೂಕಿನ ನಳಿಕೆಯನ್ನೇ ಹಿಡಿದು ಪ್ರಾಣ ಕೊಟ್ಟರು. ಹೇಮಂತ ಕರ್ಕರೆಯವರು ಜಾಕೆಟ್ ತೊಡುತ್ತಿದ್ದ ದೃಶ್ಯವನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು, ಕೆಲವೇ ಗಂಟೆಗಳಲ್ಲಿ ಅವರಿಲ್ಲವೆಂಬ ಸುದ್ದಿ ಬಂತು. ಆಮೇಲೆ ಆ ಜಾಕೆಟ್ಟೇ ಕಾಣೆಯಾಯಿತು. ಅವರ ಪತ್ನಿ ಕವಿತಾ ಕರ್ಕರೆಯವರು ಮಾಹಿತಿ ಹಕ್ಕಿನಲ್ಲಿ ಕೇಳುತ್ತ ಹೋದಾಗ, ಜಾಕೆಟ್ಟುಗಳ ಖರೀದಿಯ ಕಡತವೂ ಸಿಗುತ್ತಿಲ್ಲವೆಂಬ ಉತ್ತರ ಬಂತು. ಕಡತ ಮುಂದೆ ಸಿಕ್ಕಿತು, ನಿಜ. ಅವರಿಗೆ ತಗಲಿದ ಗುಂಡುಗಳು ಜಾಕೆಟ್ ಮುಚ್ಚದ ಭಾಗಕ್ಕೆ ತಗಲಿದವು ಎಂಬ ವಾದವೂ ಇದೆ. ಇರಲಿ. ಆ ಜಾಕೆಟ್ಟು ಎಷ್ಟು ಭಾಗ ಮುಚ್ಚಬೇಕು, ಯಾವ ಗುಂಡು ತಡೆಯಬೇಕು ಎಂದು ಕೊಳ್ಳುವ ಮೊದಲು ಯಾರು ಬರೆದರು, ಬಂದ ಮೇಲೆ ಯಾರು ಗುಂಡು ಹಾರಿಸಿ ನೋಡಿದರು? ಇದು ಕಡತದ ಮೊದಲ ಪುಟದಲ್ಲಿರಬೇಕಾದ ಮಾತು. ಒಬ್ಬ ವಿಧವೆ ಅದನ್ನು ಅರ್ಜಿ ಹಾಕಿ ಕೇಳಬೇಕಾಯಿತು.

ಆ ದುರಂತದ ಬಳಿಕ ರಾಜ್ಯ ಸರಕಾರ ನೇಮಿಸಿದ ರಾಮ ಪ್ರಧಾನ ಸಮಿತಿ 2009ರಲ್ಲೇ ವರದಿ ಕೊಟ್ಟಿತು. ಮದ್ದುಗುಂಡಿನ ಕೊರತೆಯಿಂದ ಪೊಲೀಸರಿಗೆ ಗುಂಡು ಹಾರಿಸುವ ಅಭ್ಯಾಸವೇ ತಪ್ಪಿತ್ತೆಂಬುದು ಆಗ ಬಯಲಾಯಿತು. ನಗರಕ್ಕೆ ಸಿ.ಸಿ.ಟಿ.ವಿ. ಕ್ಯಾಮರಾ ಬೇಕೆಂದು ಎಲ್ಲರೂ ಒಪ್ಪಿದರು. ಟೆಂಡರು ಕರೆಯುವುದು, ಅದು ಬಿದ್ದುಹೋಗುವುದು, ಮತ್ತೆ ಕರೆಯುವುದು, ಹೀಗೆಯೇ ವರ್ಷಗಳು ಕಳೆದವು. ಗುತ್ತಿಗೆ ಕೊಟ್ಟದ್ದು 2015ರಲ್ಲಿ. ಸುಮಾರು 4,700 ಕ್ಯಾಮರಾಗಳ ಜಾಲ ಕೆಲಸ ಆರಂಭಿಸಿದ್ದು 2016ರ ಅಕ್ಟೋಬರಿನಲ್ಲಿ. ಭೂಸೇನೆಯ ಕಥೆಯೂ ಇದೇ. 1,86,138 ಗುಂಡುನಿರೋಧಕ ಜಾಕೆಟ್ಟುಗಳಿಗೆ 2009ರಲ್ಲಿ ಒಪ್ಪಿಗೆ ಸಿಕ್ಕಿತು, 639 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿದ್ದದ್ದು 2018ರಲ್ಲಿ. ಯುದ್ಧಕಾಲೇ ಶಸ್ತ್ರಾಭ್ಯಾಸವೆಂದು ಹಿರಿಯರು ಹಾಸ್ಯ ಮಾಡುತ್ತಿದ್ದರು. ನಮ್ಮದು ಯುದ್ಧಕಾಲೇ ಟೆಂಡರಾಭ್ಯಾಸ.

ಒಂದು ಒಳ್ಳೆಯ ಉದಾಹರಣೆಯೂ ಇದೆ, ಮರೆಮಾಚಬಾರದು. 2018ರ ಹೊತ್ತಿಗೆ ಮಹಾರಾಷ್ಟ್ರ ಪೊಲೀಸ್ ಇಲಾಖೆ ತಾನು ತರಿಸಿದ ಸುಮಾರು 4,600 ಜಾಕೆಟ್ಟುಗಳನ್ನು ಎ.ಕೆ.-47ರ ಪರೀಕ್ಷೆಗೆ ಒಡ್ಡಿ, ಸೋತ 1,400ಕ್ಕೂ ಹೆಚ್ಚನ್ನು ವಾಪಸು ಕಳುಹಿಸಿತು. ಆ ಪರೀಕ್ಷೆ ಎಷ್ಟು ಜನರ ಪ್ರಾಣ ಉಳಿಸಿತೋ ದೇವರಿಗೇ ಗೊತ್ತು. ಅದೇ ವರ್ಷ ಭಾರತೀಯ ಮಾನಕ ಸಂಸ್ಥೆ ಇಂಥ ಜಾಕೆಟ್ಟುಗಳಿಗೆ ಐ.ಎಸ್. 17051 ಎಂಬ ಪ್ರಮಾಣವನ್ನು ಪ್ರಕಟಿಸಿತು. ಕುಕ್ಕರಿಗೆ, ಇಸ್ತ್ರಿಪೆಟ್ಟಿಗೆಗೆ ಎಂದೋ ಐ.ಎಸ್.ಐ. ಮುದ್ರೆ ಬಂದಿದ್ದ ದೇಶದಲ್ಲಿ ಸಿಪಾಯಿಯ ಎದೆಗವಚಕ್ಕೆ ರಾಷ್ಟ್ರೀಯ ಪ್ರಮಾಣ ಬರಲು 2018 ಆಗಬೇಕಾಯಿತು!

ಕಡತ ತಡೆಯುವವರಿಗೆ ನಮ್ಮ ಮಂಗಳೂರಿನವರೇ ಒಬ್ಬರು ಪಾಠ ಕಲಿಸಿದ್ದರು. ಮುಂಬಯಿಯ ಟ್ಯಾಕ್ಸಿ ಚಾಲಕರ ನಾಯಕರಾಗಿ ಬೆಳೆದು, 1967ರಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದ ಜಾರ್ಜ್ ಫೆರ್ನಾಂಡಿಸರನ್ನು ಇಲ್ಲಿಯ ಹಿರಿಯರು ಬಲ್ಲರು. 1998ರಲ್ಲಿ ಅವರು ರಕ್ಷಣಾ ಮಂತ್ರಿಗಳಾಗಿದ್ದಾಗ, ಸಿಯಾಚಿನ್ ಹಿಮದ ಮೇಲೆ ಓಡುವ ಸ್ಕೂಟರುಗಳ ಖರೀದಿ ದಿಲ್ಲಿಯ ಕಚೇರಿಯಲ್ಲಿ ಸಿಕ್ಕಿಬಿದ್ದಿತ್ತು. ತಡೆದ ಅಧಿಕಾರಿಗಳನ್ನು, ಸಿಯಾಚಿನ್‌ಗೆ ಹೋಗಿ ಕಣ್ಣಾರೆ ನೋಡಿ ಬನ್ನಿ ಎಂದು ಅವರು ಅಟ್ಟಿದರು. ಜನ ಚಪ್ಪಾಳೆ ತಟ್ಟಿದರು, ನಾವೂ ತಟ್ಟಿದೆವು. ಆದರೆ ಈಗ ಅನ್ನಿಸುತ್ತದೆ: ಆ ಪ್ರಯಾಣವನ್ನು ಶಿಕ್ಷೆಯೆಂದು ಏಕೆ ತಿಳಿಯಬೇಕು? ಖರೀದಿ ಕುರ್ಚಿಯಲ್ಲಿ ಕೂರುವ ಪ್ರತಿಯೊಬ್ಬರಿಗೂ ಅದು ಮೊದಲ ವಾರದ ಪಾಠವಾಗಬೇಕಿತ್ತು. ವಿಜಾಪುರದ ತರುಣ ಹೇಳಿದ್ದೂ ಅದನ್ನೇ ಅಲ್ಲವೇ?

“ಹಾಗಾದರೆ ನಿಯಮಗಳನ್ನೆಲ್ಲ ಸಡಿಲಿಸಿ, ಬೇಗ ಕೊಳ್ಳಲಿ” ಎನ್ನುವವರಿದ್ದಾರೆ. ಅದಕ್ಕೂ ನಮ್ಮ ಒಪ್ಪಿಗೆಯಿಲ್ಲ. 1999ರ ಕಾರ್ಗಿಲ್ ಯುದ್ಧದ ಗಡಿಬಿಡಿಯಲ್ಲಿ ಮಾಡಿದ ಖರೀದಿಗಳನ್ನು 2001ರ ಆಡಿಟ್ ವರದಿ ತರಾಟೆಗೆ ತೆಗೆದುಕೊಂಡಿತು. ಶವಪೆಟ್ಟಿಗೆ ಹಗರಣವೆಂದು ಅದು ದೇಶವಿಡೀ ಮೊಳಗಿತು. 2013ರಲ್ಲಿ ನ್ಯಾಯಾಲಯ ಸಾಕ್ಷ್ಯವಿಲ್ಲವೆಂದು ಸೇನಾಧಿಕಾರಿಗಳನ್ನು ಆರೋಪದಿಂದ ಬಿಡಿಸಿತು. ಅಷ್ಟು ಹೊತ್ತಿಗೆ ದೇಶದ ಕಚೇರಿಗಳೆಲ್ಲ ಒಂದು ಪಾಠ ಕಲಿತಿದ್ದವು: ಕೊಂಡವನು ಸಿಕ್ಕಿಬೀಳುತ್ತಾನೆ, ಕೊಳ್ಳದವನನ್ನು ಯಾರೂ ಕೇಳುವುದಿಲ್ಲ. ಮುಂಬಯಿಗೆ ಕ್ಯಾಮರಾ ಏಳು ವರ್ಷ ತಡವಾಗಿ ಬಂದುದಕ್ಕೆ ಯಾವ ಗುಮಾಸ್ತನ ಇನ್‌ಕ್ರಿಮೆಂಟ್ ನಿಂತಿತು? ಒಂದು ರೂಪಾಯಿ ಹೆಚ್ಚಿಗೆ ಕೊಟ್ಟಿದ್ದರೆ ನಿಲ್ಲುತ್ತಿತ್ತು.

ನಿಯಮಗಳು ನಿಂತಲ್ಲೇ ನಿಂತಿಲ್ಲ ಎಂಬುದನ್ನೂ ಹೇಳಬೇಕು. 2016ರಲ್ಲಿ ಜೆಮ್ ಎಂಬ ಸರಕಾರಿ ಸಂತೆ ಕಂಪ್ಯೂಟರಿನಲ್ಲಿ ತೆರೆಯಿತು. 2017ರಲ್ಲಿ ಕೇಂದ್ರದ ಸಾಮಾನ್ಯ ಹಣಕಾಸು ನಿಯಮಗಳು ಹೊಸದಾಗಿ ಬಂದವು. 2021ರ ಅಕ್ಟೋಬರಿನಲ್ಲಿ ಹಣಕಾಸು ಮಂತ್ರಾಲಯ, ಆಯ್ದ ಕಾಮಗಾರಿ ಮತ್ತು ಸೇವೆಗಳ ಟೆಂಡರಿನಲ್ಲಿ ಗುಣಮಟ್ಟಕ್ಕೆ ನೂರರಲ್ಲಿ 30ರವರೆಗೆ ಅಂಕ ಕೊಡಬಹುದೆಂದು ಬಾಗಿಲು ತೆರೆಯಿತು. ಒಳ್ಳೆಯದೇ. ಆದರೆ ಆ ಬಾಗಿಲಲ್ಲಿ ಸಾಮಾನುಗಳ ಹೆಸರಿಲ್ಲ. ಕೋಟು, ಬೂಟು, ಟಾರ್ಚು ಕೊಳ್ಳುವಾಗ, ಬರೆದ ವಿವರಣೆಗೆ ಹೊಂದುವವರಲ್ಲಿ ಅಗ್ಗದವನೇ ಗೆಲ್ಲುತ್ತಾನೆ. ಗುಣವೆಂಬುದೇನಿದ್ದರೂ ಆ ವಿವರಣೆಯ ನಾಲ್ಕು ಸಾಲಿನಲ್ಲೇ ಇರಬೇಕು. ಆ ನಾಲ್ಕು ಸಾಲು ಬರೆಯುವವನಿಗೆ ಯಾರೂ ಏನೂ ಕಲಿಸಿರುವುದಿಲ್ಲ.

ಕಾನೂನಿನ ವಿಷಯದಲ್ಲಿ ನಮ್ಮ ಕರ್ನಾಟಕ ಮುಂದಿದೆ. ಸಾರ್ವಜನಿಕ ಖರೀದಿಯ ಪಾರದರ್ಶಕತೆಗೆಂದೇ 1999ರಲ್ಲಿ ಅಲ್ಲಿ ಅಧಿನಿಯಮವಾಯಿತು. ಕೇಂದ್ರದಲ್ಲಿ 2012ರಲ್ಲಿ ಮಂಡಿಸಿದ ಮಸೂದೆ ಲೋಕಸಭೆಯ ಅವಧಿಯೊಂದಿಗೇ 2014ರಲ್ಲಿ ಬಿದ್ದುಹೋಯಿತು. ಆದರೆ ಕರ್ನಾಟಕದ ಕಾನೂನಿನಲ್ಲೂ 4(ಜಿ) ಎಂಬ ವಿನಾಯಿತಿಯ ಹಿಂಬಾಗಿಲಿದೆ; ಊರಿನ ಪತ್ರಿಕೆ ಓದುವವರಿಗೆ ಅದನ್ನು ವಿವರಿಸಬೇಕಾಗಿಲ್ಲ. ಕಾನೂನು ಎಷ್ಟೇ ಚೆನ್ನಾಗಿರಲಿ, ಅದನ್ನು ನಡೆಸುವವರಿಗೆ ಕೆಲಸ ಬರಬೇಕು.

ತರಬೇತಿಯೇ ಇಲ್ಲವೆಂದರೆ ಸುಳ್ಳಾದೀತು. ಫರೀದಾಬಾದಿನ ರಾಷ್ಟ್ರೀಯ ಹಣಕಾಸು ನಿರ್ವಹಣಾ ಸಂಸ್ಥೆಯಲ್ಲಿ ಖರೀದಿಯ ಪಾಠಗಳು ನಡೆಯುತ್ತವೆ. ನಾವು ಕಂಡಂತೆ ಅಲ್ಲಿಗೆ ಹೋಗುವುದು ಅಧಿಕಾರಿಗಳು; ಹೋಗಿ ಬಂದ ವರ್ಷದೊಳಗೆ ಅವರಿಗೆ ವರ್ಗ. ಗುಮಾಸ್ತನ ಪಾಲಿಗೆ ಕಂಪ್ಯೂಟರಿನ ಪಾಠ. ಪರದೆಯ ಮೇಲೆ ಪಾಠ ಓಡುತ್ತಿರುತ್ತದೆ, ಕೆಳಗೆ ಗುಮಾಸ್ತ ಕಡತ ಕಟ್ಟುತ್ತಿರುತ್ತಾನೆ, ಕೊನೆಗೆ ಪ್ರಮಾಣಪತ್ರ ಉದುರುತ್ತದೆ. ಅಮೆರಿಕದಲ್ಲಿ 1990ರಲ್ಲಿ ಕಾನೂನನ್ನೇ ಮಾಡಿ, ಸೇನೆಗೆ ಕೊಳ್ಳುವ ಕೆಲಸದವರಿಗೆ ಶಿಕ್ಷಣ, ಅನುಭವ, ಅರ್ಹತೆಗಳನ್ನು ಗೊತ್ತುಪಡಿಸಿದರು. ಅದಕ್ಕೆಂದೇ ಒಂದು ವಿಶ್ವವಿದ್ಯಾಲಯವನ್ನೂ ನಡೆಸುತ್ತಾರೆ. ನಮ್ಮಲ್ಲಿ ಲಾರಿ ಓಡಿಸುವವನಿಗೆ ಲೈಸೆನ್ಸು ಬೇಕು, ಕೋಟಿ ರೂಪಾಯಿಯ ಟೆಂಡರು ಓಡಿಸುವವನಿಗೆ ಬೇಡ.

ಆದ್ದರಿಂದ ನಾವು ಕೇಳುವುದು ನಾಲ್ಕು. ಭದ್ರತಾ ದಳಗಳಲ್ಲಿ ಗುಮಾಸ್ತನಿಂದ ಹಿಡಿದು ಅಧಿಕಾರಿಯವರೆಗೆ, ಕಲಿತು ಪರೀಕ್ಷೆ ಪಾಸಾಗದೆ ಯಾರನ್ನೂ ಖರೀದಿ ಕುರ್ಚಿಯಲ್ಲಿ ಕೂರಿಸಬಾರದು; ಕೂರಿಸಿದ ಮೇಲೆ ಮೂರು ವರ್ಷ ಅಲ್ಲಾಡಿಸಬಾರದು. ಬಳಸುವ ಸಿಪಾಯಿಯ ಸಹಿಯಿಲ್ಲದೆ ಯಾವ ವಿವರಣೆಯೂ ಟೆಂಡರಿಗೆ ಹೋಗಬಾರದು, ಅವನು ತೊಟ್ಟು ನೋಡದೆ ಯಾವ ಸಾಮಾನಿಗೂ ಹಣ ಸಂದಾಯವಾಗಬಾರದು. ಆಡಿಟ್‌ನವರು ದರವನ್ನು ಕೇಳುವಂತೆಯೇ ತಡವನ್ನೂ ಗುಣವನ್ನೂ ಕೇಳಬೇಕು. ಕೊನೆಯದಾಗಿ, ಕಾರಣ ಬರೆದಿಟ್ಟು ಪ್ರಾಮಾಣಿಕವಾಗಿ ಹೆಚ್ಚಿನ ದರದ ಮಾಲನ್ನು ಆರಿಸಿದವನಿಗೆ ರಕ್ಷಣೆ ಬೇಕು. ಮೂರನೆಯದನ್ನು ಒಪ್ಪಿ ನಾಲ್ಕನೆಯದನ್ನು ಬಿಟ್ಟರೆ ಗುಮಾಸ್ತ ಮತ್ತೆ ಕಡತದ ಹಿಂದೆ ಅಡಗುತ್ತಾನೆ.

ಇದು ಆಗದ ಮಾತೇ? ನಮ್ಮ ಸಂಘದ ರಾಜ್ಯೋತ್ಸವದ ಊಟವನ್ನು ನೆನೆಯಿರಿ. ಮೂರು ಜನ ಅಡಿಗೆಯವರಿಂದ ದರ ತರಿಸುತ್ತೇವೆ. ಆದರೆ ಹಿಂದೆ ಅವರ ಸಾರು ಉಂಡವರನ್ನು ವಿಚಾರಿಸದೆ ಅಗ್ಗದವನಿಗೆ ಎಲೆ ಹಾಕಿಸಿದ್ದುಂಟೇ? ಹಾಗೆ ಮಾಡಿದ ಕಾರ್ಯದರ್ಶಿ ಮುಂದಿನ ವಾರ್ಷಿಕ ಸಭೆಯಲ್ಲಿ ಉಳಿದಾನೆಯೇ? ಒಂದು ಹೊತ್ತಿನ ಸಾರಿಗೆ ಇರುವ ವಿವೇಕ ಸಿಪಾಯಿಯ ಎದೆಗವಚಕ್ಕೆ ಬೇಡವೇ?

ಈ ಪತ್ರಿಕೆಯ ಓದುಗರಲ್ಲಿ ಲೆಕ್ಕಪರಿಶೋಧನೆಯವರಿದ್ದಾರೆ, ರೈಲ್ವೆ, ಕಸ್ಟಮ್ಸ್, ಗೋದಿಯ ನೌಕರರಿದ್ದಾರೆ. ನಿಮ್ಮ ಕಚೇರಿಯ ಸ್ಟಾಫ್ ಕೌನ್ಸಿಲಿನಲ್ಲಿ ತುಟ್ಟಿಭತ್ಯೆ, ಬಡ್ತಿಗಳ ಜೊತೆಗೆ ಈ ಒಂದು ಬೇಡಿಕೆಯನ್ನೂ ಸೇರಿಸಿ: ನಮಗೆ ಕೊಳ್ಳುವುದನ್ನು ಕಲಿಸಿ. ಗುಮಾಸ್ತರೇ ಕೇಳಿದರೆ ಇಲ್ಲವೆನ್ನುವುದು ಮೇಲಿನವರಿಗೂ ಕಷ್ಟ.

ವಿಜಾಪುರದ ಆ ತರುಣ ವರ್ಗವಾಗಿ ಹೋಗಿ ವರ್ಷಗಳಾದವು. ಆ ಮಳೆಗಾಲ ಮುಗಿಯುವವರೆಗೆ ಅವನು ತನ್ನ ಸ್ವಂತ ದುಡ್ಡಿನ ಪ್ಲಾಸ್ಟಿಕ್ ಹಾಳೆ ಹೊದ್ದು ಪಾಳಿಗೆ ಹೋಗುತ್ತಿದ್ದ. ಮೆಟ್ಟಿಲ ಬಳಿ ಸಿಕ್ಕಾಗಲೆಲ್ಲ “ಬರ್ತೇನ್ರಿ ಕಾಕಾ” ಎನ್ನುತ್ತಿದ್ದ. ಕೋಟು ತಗೊಂಡವರು ನಾವೇ ಎಂದು ಅವನಿಗೆ ಹೇಳುವ ಧೈರ್ಯ ನಮಗೆ ಕೊನೆಗೂ ಬರಲಿಲ್ಲ. ಇಲ್ಲಿ ಹೇಳಿದ್ದೇವೆ.